ಕೋವಿಯ ಶುಚೀಕರಣ ಮತ್ತು ನಿರ್ವಹಣೆ

ಕೋವಿಯ ಶುಚೀಕರಣ ಮತ್ತು ನಿರ್ವಹಣೆ ಎಂದರೆ ಬೆಳೆ ರಕ್ಷಣೆ, ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಪರವಾನಗಿ ಪಡೆದು ಇಟ್ಟುಕೊಂಡಿರುವ ಚರೆಕೋವಿಯನ್ನು ಖಾಲಿ ಮಾಡಿ, ಬಿಡಿಸಿ, ಒರೆಸಿ, ಪರೀಕ್ಷಿಸಿ, ಎಣ್ಣೆ ಸವರಿ, ಸುರಕ್ಷಿತವಾಗಿ ಇಡುವ ಕ್ರಮ. ನಳಿಗೆಯಲ್ಲಿ ಉಳಿಯುವ ಮದ್ದಿನ ಕಿಟ್ಟ, ಸೀಸದ ಲೇಪ ಮತ್ತು ತೇವಾಂಶಗಳು ಲೋಹವನ್ನು ಕ್ರಮೇಣ ತಿನ್ನುತ್ತವೆ. ನಳಿಗೆಯಲ್ಲಿ ಸಿಲುಕಿದ ಮಣ್ಣು, ಬಟ್ಟೆ ಅಥವಾ ಹುಳುವಿನ ಗೂಡು ಗುಂಡು ಹಾರಿಸಿದ ಕ್ಷಣದಲ್ಲೇ ನಳಿಗೆಯನ್ನು ಸಿಡಿಸಬಲ್ಲದು. ಆದ್ದರಿಂದ ಶುಚೀಕರಣದ ಉದ್ದೇಶ ಕೋವಿಯ ಆಯುಷ್ಯವನ್ನು ಹೆಚ್ಚಿಸುವುದು ಮಾತ್ರವಲ್ಲ, ಅದನ್ನು ಹಿಡಿದವನ ಕೈ ಕಣ್ಣುಗಳನ್ನು ಕಾಪಾಡುವುದೂ ಆಗಿದೆ.

ಕರ್ನಾಟಕದಲ್ಲಿ ಪರವಾನಗಿಯುಳ್ಳ ಕೋವಿಗಳು ಹೆಚ್ಚಾಗಿ ಕೊಡಗು ಮತ್ತು ಮಲೆನಾಡಿನೊಂದಿಗೆ ಗುರುತಿಸಲ್ಪಡುತ್ತವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಂತಹ ಅರೆಮಲೆನಾಡು ಮತ್ತು ಬಯಲುಸೀಮೆಯ ಪ್ರದೇಶಗಳಲ್ಲಿ ತೇವ ಮತ್ತು ಧೂಳು ಎಂಬ ಎರಡು ಭಿನ್ನ ಸಮಸ್ಯೆಗಳು ಎದುರಾಗುವುದರಿಂದ, ನಿರ್ವಹಣೆಯ ಕ್ರಮವೂ ಸ್ಥಳಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ.

ಪದ ಮತ್ತು ವಿಧಗಳು

ಕನ್ನಡದಲ್ಲಿ ‘ಕೋವಿ’ ಎಂಬ ಪದಕ್ಕೆ ಕೊಳವೆ ಎಂಬ ಅರ್ಥವೂ ಇದೆ. ಬಂದೂಕು ಮತ್ತು ತುಪಾಕಿ ಎಂಬ ಪದಗಳು ಹೊರಗಿನಿಂದ ಬಂದವು. ಈ ಲೇಖನದಲ್ಲಿ ಕೋವಿ ಎಂದರೆ ಒಳಮೈ ನಯವಾಗಿರುವ ನಳಿಗೆಯಿಂದ ಚರೆಗಳನ್ನು ಹಾರಿಸುವ ಆಯುಧ. ಒಳಮೈಯಲ್ಲಿ ಸುರುಳಿ ಗೆರೆಗಳಿರುವ ರೈಫಲ್ ಇದರಿಂದ ಭಿನ್ನವಾದುದು. ಬಳಕೆಯಲ್ಲಿರುವ ಮುಖ್ಯ ವಿಧಗಳು ಇವು:

1. ಕೇಪಿನ ಕೋವಿ: ಕರಿಮದ್ದು, ಅದರ ಮೇಲೆ ಒತ್ತುವ ನಾರು ಅಥವಾ ಕಾಗದ ಮತ್ತು ಚರೆಗಳನ್ನು ನಳಿಗೆಯ ಬಾಯಿಯಿಂದಲೇ ತುಂಬಿ, ಗಜದಿಂದ ಜಡಿದು, ಬುಡದಲ್ಲಿರುವ ಮೊಳೆಯಂತಹ ನಿಪ್ಪಲ್ಲಿನ ಮೇಲೆ ಕೇಪನ್ನು ಕೂರಿಸಿ ಹಾರಿಸುವ ಹಳೆಯ ಮಾದರಿ.

2. ಒಂಟಿ ನಳಿಗೆಯ ತೋಟೆಕೋವಿ: ನಡುವಿನಲ್ಲಿ ಮಡಚಿಕೊಳ್ಳುವ, ಬುಡದಿಂದ ತೋಟೆ ತುಂಬುವ ಕೋವಿ.

3. ಜೋಡಿ ನಳಿಗೆಯ ಕೋವಿ: ಎರಡು ನಳಿಗೆಗಳು ಅಕ್ಕಪಕ್ಕ ಅಥವಾ ಒಂದರ ಮೇಲೊಂದು ಇರುವ ಮಾದರಿ. ಒಲಿಂಪಿಕ್ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಲ್ಲಿ ಒಂದರ ಮೇಲೊಂದು ನಳಿಗೆಯುಳ್ಳ ಕೋವಿಯೇ ರೂಢಿಯಲ್ಲಿದೆ.

4. ಪಂಪ್ ಕೋವಿ: ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ತೋಟೆಯನ್ನು ತಂದುಕೊಳ್ಳುವ ಮಾದರಿ.

ಕೋವಿಯ ಅಳತೆಯನ್ನು ‘ಬೋರ್’ ಎಂಬ ಮಾನದಿಂದ ಹೇಳುತ್ತಾರೆ. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಸಮಾನ ಗುಂಡುಗಳನ್ನು ಮಾಡಬಹುದೋ ಆ ಸಂಖ್ಯೆಯೇ ಬೋರ್. ಆದಕಾರಣ ಸಂಖ್ಯೆ ಹೆಚ್ಚಾದಂತೆ ನಳಿಗೆ ಕಿರಿದಾಗುತ್ತದೆ. 12 ಬೋರ್ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರ್ ನಳಿಗೆಯದು ಸುಮಾರು 15.6 ಮಿಲಿಮೀಟರ್. ಭಾರತದಲ್ಲಿ ಬಿಹಾರದ ಮುಂಗೇರ್ ಮತ್ತು ಜಮ್ಮು ನಗರಗಳು 12 ಬೋರ್ ಕೋವಿಗಳ ತಯಾರಿಕೆಗೆ ಹೆಸರಾಗಿವೆ. ಪುಣೆಯ ಖಡಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆಯಲ್ಲಿ 12 ಬೋರ್ ತೋಟೆಗಳು ತಯಾರಾಗುತ್ತವೆ.

ನಳಿಗೆ ಕೆಡುವ ಕಾರಣಗಳು

ಕರಿಮದ್ದಿನ ಕಿಟ್ಟ: ಕರಿಮದ್ದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಅದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲಿ ಉಳಿಯುತ್ತದೆ. ಇದರಲ್ಲಿ ಒಂದಷ್ಟು ಹೊಗೆಯಾಗಿ ಹೊರಬಿದ್ದರೆ ಉಳಿದದ್ದು ನಳಿಗೆಗೆ ಅಂಟಿಕೊಳ್ಳುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡುಗಳಿಂದ ಕೂಡಿದ ಈ ಕಿಟ್ಟವು ಗಾಳಿಯ ತೇವವನ್ನು ಹೀರಿಕೊಂಡು ಒಂದೆರಡು ದಿನಗಳಲ್ಲೇ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಹಳೆಯ ಕೇಪು ಮತ್ತು ಪ್ರೈಮರುಗಳು: ಕ್ಲೋರೇಟ್ ಬೆರೆತ ಕೇಪುಗಳು ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ಉಳಿಯುತ್ತದೆ. ಅಡುಗೆ ಉಪ್ಪಿನಂತೆ ಇದೂ ತೇವವನ್ನು ಸೆಳೆದು ಕಬ್ಬಿಣವನ್ನು ತಿನ್ನುತ್ತದೆ. ಈ ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಎಣ್ಣೆ ಹಾಕಿ ಒರೆಸಿದರೂ ಕೋವಿ ತುಕ್ಕು ಹಿಡಿಯಿತೆಂಬ ದೂರಿಗೆ ಅನೇಕ ವೇಳೆ ಇದೇ ಕಾರಣ. ಈಗಿನ ತೋಟೆಗಳ ಪ್ರೈಮರುಗಳಲ್ಲಿ ಈ ದೋಷ ಬಹುಮಟ್ಟಿಗೆ ಇಲ್ಲ.

ಹೊಗೆರಹಿತ ಮದ್ದಿನ ಕಿಟ್ಟ: ಈಗಿನ ತೋಟೆಗಳಲ್ಲಿರುವ ನೈಟ್ರೋ ಮದ್ದು ಬಹಳ ಕಡಿಮೆ ಕಿಟ್ಟವನ್ನು ಬಿಡುತ್ತದೆ. ಆ ಕಿಟ್ಟ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ದ್ರಾವಕ ಬೇಕು.

ಸೀಸ ಮತ್ತು ಪ್ಲಾಸ್ಟಿಕ್: ಸೀಸದ ಚರೆಗಳು ನಳಿಗೆಗೆ ಉಜ್ಜಿ ಬೂದುಬಣ್ಣದ ಗೆರೆಗಳನ್ನು ಬಿಡುತ್ತವೆ. ಚರೆಗಳನ್ನು ಹೊತ್ತ ಪ್ಲಾಸ್ಟಿಕ್ ಬಟ್ಟಲು ತೆಳುವಾದ ಪೊರೆಯನ್ನು ಬಿಡುತ್ತದೆ. ನಳಿಗೆಯ ಬಾಯಿ ಸ್ವಲ್ಪ ಕಿರಿದಾಗುವ ಚೋಕ್ ಭಾಗದಲ್ಲಿ ಇವು ಹೆಚ್ಚು ಸೇರುತ್ತವೆ. ಪೊರೆಯ ಅಡಿಯಲ್ಲಿ ತೇವ ಸಿಕ್ಕಿಕೊಂಡರೆ ಅಲ್ಲಿಯೇ ತುಕ್ಕು ಆರಂಭವಾಗುತ್ತದೆ.

ಬೆವರು: ಬೆರಳ ಗುರುತಿನಲ್ಲಿರುವ ಲವಣವೂ ನಳಿಗೆಯ ಹೊರಮೈಗೆ ಕಲೆ ಹಿಡಿಸುತ್ತದೆ. ಆದಕಾರಣ ಗುಂಡು ಹಾರಿಸದೆ ಕೇವಲ ಕೈಯಲ್ಲಿ ಹಿಡಿದಿದ್ದ ಕೋವಿಯನ್ನೂ ಒರೆಸಿ ಇಡಬೇಕು.

ನಳಿಗೆಯ ತಡೆ ಮತ್ತು ಸಿಡಿತ

ಗುಂಡು ಹಾರಿದಾಗ ಮದ್ದಿನ ಅನಿಲವು ಚರೆಗಳ ಗುಚ್ಛವನ್ನು ವೇಗವಾಗಿ ಮುಂದಕ್ಕೆ ತಳ್ಳುತ್ತದೆ. ಯುರೋಪಿನ ಮಾನಕದ ಪ್ರಕಾರ ಸಾಮಾನ್ಯ 12 ಬೋರ್ ತೋಟೆಯ ಗರಿಷ್ಠ ಒತ್ತಡ 740 ಬಾರ್, ಅಂದರೆ ವಾತಾವರಣದ ಒತ್ತಡಕ್ಕಿಂತ ಸುಮಾರು 730 ಪಟ್ಟು. ಈ ಒತ್ತಡ ಬುಡದಲ್ಲಿ ಅತಿ ಹೆಚ್ಚು ಇದ್ದು ಬಾಯಿಯ ಕಡೆಗೆ ಇಳಿಯುತ್ತ ಹೋಗುತ್ತದೆ. ಅದಕ್ಕೆ ತಕ್ಕಂತೆ ನಳಿಗೆಯ ಗೋಡೆಯೂ ಬುಡದಲ್ಲಿ ದಪ್ಪವಾಗಿ, ಮುಂದೆ ತೆಳುವಾಗಿರುತ್ತದೆ. ತೆಳುವಾದ ಭಾಗದಲ್ಲಿ ತಡೆ ಇದ್ದರೆ ಚರೆಗಳ ಗುಚ್ಛ ಅಲ್ಲಿ ಒಮ್ಮೆಲೇ ನಿಧಾನವಾಗುತ್ತದೆ, ಹಿಂದಿನ ಅನಿಲ ಅಲ್ಲಿಯೇ ಒತ್ತಿಕೊಳ್ಳುತ್ತದೆ. ಆಗ ನಳಿಗೆ ಉಂಗುರದಂತೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಆ ಜಾಗದ ಸಮೀಪದಲ್ಲಿಯೇ ಹಾರಿಸುವವನ ಎಡಗೈ ಇರುತ್ತದೆ.

ಸಾಮಾನ್ಯವಾಗಿ ಕಂಡುಬರುವ ತಡೆಗಳು:

• ಕೋವಿಯ ಬಾಯಿ ನೆಲಕ್ಕೆ ತಗುಲಿದಾಗ ತುಂಬಿಕೊಳ್ಳುವ ಕೆಸರು. ಗದ್ದೆಯ ಬದುವಿನಲ್ಲಿ ಜಾರಿಬಿದ್ದಾಗ ಇದು ತಿಳಿಯದೆ ನಡೆದುಹೋಗುತ್ತದೆ.

• ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು. ಕೀಲಿರಂಧ್ರ, ಬಿದಿರಿನ ತುಂಡು, ಕೊಳವೆಗಳಲ್ಲಿ ಗೂಡು ಕಟ್ಟುವ ಈ ಕಣಜಗಳಿಗೆ ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆ ಅನುಕೂಲದ ಜಾಗ.

• ಶುಚಿಮಾಡುವಾಗ ಸಿಕ್ಕಿಕೊಂಡು ಮರೆತುಹೋದ ಬಟ್ಟೆಯ ತುಂಡು ಅಥವಾ ಬಾಯಿಗೆ ತುರುಕಿದ ಚಿಂದಿ.

• ದುರ್ಬಲ ಮದ್ದಿನಿಂದ ಅರ್ಧದಲ್ಲೇ ನಿಂತ ಪ್ಲಾಸ್ಟಿಕ್ ಬಟ್ಟಲು. ಗುಂಡಿನ ಶಬ್ದ ಎಂದಿಗಿಂತ ಮಂದವಾಗಿ ಕೇಳಿದರೆ ಮುಂದಿನ ತೋಟೆ ಹಾಕುವ ಮೊದಲು ಕೋವಿಯನ್ನು ಬಿಚ್ಚಿ ನಳಿಗೆಯನ್ನು ನೋಡಲೇಬೇಕು.

• 12 ಬೋರ್ ಕೋವಿಗೆ ತಪ್ಪಿ ಹಾಕಿದ 20 ಬೋರ್ ತೋಟೆ. ಅದು ಬುಡದಲ್ಲಿ ನಿಲ್ಲದೆ ಸ್ವಲ್ಪ ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿಯಾಗಿ ಕಾಣುವುದರಿಂದ ಅದರ ಹಿಂದೆ 12 ಬೋರ್ ತೋಟೆಯನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಈ ಗೊಂದಲ ತಪ್ಪಿಸಲೆಂದೇ 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ.

ಉಪಕರಣಗಳು

ಮೂರು ತುಂಡುಗಳನ್ನು ತಿರುಪಿ ಜೋಡಿಸುವ ಮರದ ಅಥವಾ ಲೋಹದ ಸಲಾಕೆ, ಅದರ ತುದಿಗೆ ಹಾಕುವ ಕಂಚಿನ ತಂತಿಯ ಬ್ರಷ್, ಉಣ್ಣೆಯ ಕುಂಚ, ಬಟ್ಟೆಯ ತುಂಡು ಹಿಡಿಯುವ ತುದಿ, ಹಳೆಯ ಹತ್ತಿಬಟ್ಟೆಯ ಚೌಕಗಳು, ಮದ್ದಿನ ಕಿಟ್ಟ ಕರಗಿಸುವ ದ್ರಾವಕ, ತೆಳುವಾದ ಖನಿಜ ಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸಣ್ಣ ದೀಪ ಇಷ್ಟು ಸಾಕು. ಉಕ್ಕಿನ ತಂತಿಯ ಬ್ರಷ್, ಮರಳುಕಾಗದ ಮತ್ತು ಪಾತ್ರೆ ತಿಕ್ಕುವ ಉಕ್ಕಿನ ನಾರುಗಳನ್ನು ನಳಿಗೆಗೆ ಬಳಸಬಾರದು. ಕಂಚು ಉಕ್ಕಿಗಿಂತ ಮೃದುವಾದುದರಿಂದ ನಳಿಗೆಯನ್ನು ಗೀರುವುದಿಲ್ಲ.

ಎಣ್ಣೆಯ ಆಯ್ಕೆ ಮುಖ್ಯ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮುಂತಾದ ಸಸ್ಯಜನ್ಯ ಎಣ್ಣೆಗಳು ಕಾಲಕ್ರಮದಲ್ಲಿ ಕಮಟಿ ಆಮ್ಲೀಯವಾಗುತ್ತವೆ ಅಥವಾ ಅಂಟಾಗುತ್ತವೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಕೋವಿಯ ಒಳಗಿನ ಚಲಿಸುವ ಭಾಗಗಳನ್ನು ನಿಧಾನಗೊಳಿಸುತ್ತದೆ. ಸೀಮೆಎಣ್ಣೆ ಕಿಟ್ಟವನ್ನು ಸಡಿಲಿಸುತ್ತದೆಯಾದರೂ ಆರಿಹೋದ ಮೇಲೆ ಲೋಹಕ್ಕೆ ರಕ್ಷಣೆ ಉಳಿಯುವುದಿಲ್ಲ. ಕೋವಿಗೆಂದೇ ತಯಾರಿಸಿದ ಎಣ್ಣೆ ಸಿಗದಿದ್ದಲ್ಲಿ ಹೊಲಿಗೆ ಯಂತ್ರದ ಎಣ್ಣೆ ಹೊರಮೈ ಮತ್ತು ಕೀಲುಗಳಿಗೆ ನಡೆಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವುದರಿಂದ ಮರದ ಹಿಡಿಗೆ ಒಳ್ಳೆಯದು, ಲೋಹದ ಭಾಗಗಳಿಗೆ ಸಲ್ಲದು.

ಶುಚೀಕರಣದ ಕ್ರಮ

ಮೊದಲ ಹೆಜ್ಜೆ: ಖಾಲಿ ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಶುಚಿಮಾಡುವಾಗ ನಡೆಯುವ ಅಪಘಾತಗಳ ಮೂಲ ‘ಕೋವಿ ಖಾಲಿ ಇದೆ’ ಎಂಬ ಊಹೆ. ಆದ್ದರಿಂದ ಕೋವಿಯ ಬಾಯಿಯನ್ನು ಜನರಿಲ್ಲದ ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮಡಚಿ ತೋಟೆಗಳನ್ನು ತೆಗೆಯಬೇಕು. ಕಣ್ಣಿನಿಂದ ನೋಡಿದ ಮೇಲೆ ಕೋಣೆಗೆ ಬೆರಳು ಹಾಕಿಯೂ ಪರೀಕ್ಷಿಸಬೇಕು. ಪಂಪ್ ಕೋವಿಯಲ್ಲಿ ನಳಿಗೆಯ ಕೆಳಗಿನ ತೋಟೆಕೊಳವೆಯನ್ನೂ ಬರಿದು ಮಾಡಬೇಕು. ತೆಗೆದ ತೋಟೆಗಳನ್ನು ಶುಚಿಮಾಡುವ ಕೋಣೆಯಲ್ಲಿ ಇಟ್ಟುಕೊಳ್ಳಬಾರದು.

ಕೇಪಿನ ಕೋವಿ ತುಂಬಿದೆಯೇ ಇಲ್ಲವೇ ಎಂಬುದು ನೋಡಿದೊಡನೆ ತಿಳಿಯುವುದಿಲ್ಲ. ಮೊದಲು ನಿಪ್ಪಲ್ಲಿನ ಮೇಲಿರುವ ಕೇಪನ್ನು ತೆಗೆಯಬೇಕು. ನಳಿಗೆ ಖಾಲಿ ಇದ್ದಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗಜಕ್ಕೆ ಒಂದು ಗುರುತು ಮಾಡಿಟ್ಟುಕೊಂಡಿರುವುದು ಹಳೆಯ ಮತ್ತು ನಂಬಬಹುದಾದ ಉಪಾಯ. ಮುಂದೆ ಎಂದಾದರೂ ಗಜ ಇಳಿಸಿದಾಗ ಆ ಗುರುತು ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದು ಅಥವಾ ಬೇರೇನೋ ಇದೆಯೆಂದು ತಿಳಿಯಬೇಕು. ಗಜ ಇಳಿಸುವಾಗ ಮುಖವನ್ನೂ ಅಂಗೈಯನ್ನೂ ಬಾಯಿಯ ನೇರಕ್ಕೆ ತರಬಾರದು. ಜಡಿದ ಹಳೆಯ ಮದ್ದನ್ನು ತಾವೇ ಕೆದಕಿ ತೆಗೆಯಲು ಹೋಗದೆ ಪರವಾನಗಿಯುಳ್ಳ ಕೋವಿ ದುರಸ್ತಿಗಾರರಿಗೆ ಒಪ್ಪಿಸುವುದೇ ಕ್ಷೇಮ.

ತೋಟೆಕೋವಿಯ ಶುಚೀಕರಣ

1. ನಳಿಗೆಯ ಕೆಳಗಿನ ಮರವನ್ನು ಕಳಚಿ, ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಬೇಕು. ಕೋವಿ ಮಳೆಯಲ್ಲಿ ನೆನೆದಿದ್ದರೆ ಮೊದಲು ನೀರನ್ನು ಒಣಬಟ್ಟೆಯಿಂದ ತೆಗೆಯಬೇಕು.

2. ಒಣ ಬಟ್ಟೆಯ ತುಂಡನ್ನು ಬುಡದಿಂದ ಬಾಯಿಯ ಕಡೆಗೆ ತಳ್ಳಬೇಕು. ಇದರಿಂದ ಸಡಿಲವಾದ ಕಿಟ್ಟ ಹೊರಬೀಳುತ್ತದೆ, ಕೊಳೆ ಕೋಣೆಯ ಕಡೆಗೆ ಮರಳುವುದಿಲ್ಲ.

3. ದ್ರಾವಕ ಹಚ್ಚಿದ ಬಟ್ಟೆಯನ್ನು ಹಾಯಿಸಿ ಸುಮಾರು ಹತ್ತು ನಿಮಿಷ ಬಿಡಬೇಕು.

4. ಕಂಚಿನ ಬ್ರಷ್ಷನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪೂರ್ತಿಯಾಗಿ ಹಾಯಿಸಬೇಕು. ನಡುವೆಯೇ ಹಿಂದಕ್ಕೆ ಎಳೆದರೆ ತಂತಿಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಕೋಣೆ ಮತ್ತು ಚೋಕ್ ಭಾಗಗಳಿಗೆ ಹೆಚ್ಚು ಗಮನ ಬೇಕು.

5. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒಣ ತುಂಡುಗಳಿಂದ ಒರೆಸಬೇಕು.

6. ನಳಿಗೆಯನ್ನು ಬೆಳಕಿನ ಕಡೆಗೆ ಹಿಡಿದು ಎರಡೂ ತುದಿಯಿಂದ ನೋಡಬೇಕು. ಒಳಗೆ ಬೆಳಕಿನ ಉಂಗುರಗಳು ಸಮವಾಗಿ ಕಾಣಬೇಕು. ಒಂದೆಡೆ ಕಪ್ಪು ನೆರಳಿನ ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿರುವ ಸಾಧ್ಯತೆ ಇದೆ. ಚುಕ್ಕೆಗಳಂತೆ ಕಾಣುವುದು ತುಕ್ಕು ತಿಂದ ಗುಳಿಗಳು.

7. ಉಣ್ಣೆಯ ಕುಂಚಕ್ಕೆ ಒಂದೆರಡು ಹನಿ ಎಣ್ಣೆ ಹಾಕಿ ನಳಿಗೆಯ ಒಳಗೆ ತೆಳುವಾಗಿ ಸವರಬೇಕು.

8. ಎಕ್ಸ್‌ಟ್ರಾಕ್ಟರ್, ಮಡಚುವ ಕೀಲು ಮತ್ತು ಸೂಜಿಯ ರಂಧ್ರಗಳ ಸುತ್ತ ಸೇರಿರುವ ಕೊಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಉಜ್ಜುವ ಮೈಗಳಿಗೆ ಮಾತ್ರ ಒಂದು ಹನಿ ಎಣ್ಣೆ ಇಡಬೇಕು.

9. ಹೊರಮೈಯನ್ನು ಎಣ್ಣೆಬಟ್ಟೆಯಿಂದ ಒರೆಸಿ, ಮತ್ತೆ ಜೋಡಿಸಿ, ನಳಿಗೆಯಲ್ಲಿ ಬಟ್ಟೆ ಉಳಿದಿಲ್ಲವೆಂದು ಕೊನೆಯದಾಗಿ ನೋಡಬೇಕು.

ಹೆಚ್ಚು ಎಣ್ಣೆ ಹೆಚ್ಚು ರಕ್ಷಣೆಯಲ್ಲ. ಹೆಚ್ಚಾದ ಎಣ್ಣೆ ಬುಡದ ಕಡೆಗೆ ಇಳಿದು ಮರದ ಹಿಡಿಯ ತಲೆಯನ್ನು ಮೆದುವಾಗಿಸುತ್ತದೆ. ಕಾಲಾಂತರದಲ್ಲಿ ಮರ ಕಪ್ಪಾಗಿ ಬಿರುಕು ಬಿಡುತ್ತದೆ. ಹಾರಿಸುವ ಮೊದಲು ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಬೇಕು.

ಕೇಪಿನ ಕೋವಿಯ ಶುಚೀಕರಣ

ಕರಿಮದ್ದಿನ ಕಿಟ್ಟಕ್ಕೆ ನೀರೇ ಮದ್ದು. ಖಾಲಿಯಾದ ಕೋವಿಯ ನಿಪ್ಪಲ್ಲನ್ನು ತಕ್ಕ ಸ್ಪ್ಯಾನರಿನಿಂದ ಕಳಚಬೇಕು. ನಳಿಗೆ ಬೇರ್ಪಡುವಂತಿದ್ದರೆ ಅದರ ಬುಡವನ್ನು ಸ್ವಲ್ಪ ಸಾಬೂನು ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಬಿಗಿಯಾದ ಬಟ್ಟೆ ಸುತ್ತಿದ ಗಜವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ನೀರು ನಿಪ್ಪಲ್ಲಿನ ರಂಧ್ರದ ಮೂಲಕ ಒಳಹೊಕ್ಕು ಹೊರಬರುತ್ತದೆ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ, ಕೊನೆಯಲ್ಲಿ ಕುದಿಯುವಷ್ಟು ಬಿಸಿಯಾದ ಬರಿ ನೀರಿನಿಂದ ತೊಳೆಯಬೇಕು. ಬಿಸಿಯಾದ ಲೋಹ ತನ್ನ ಶಾಖದಿಂದಲೇ ಬೇಗ ಒಣಗುತ್ತದೆ. ಆ ಬಿಸಿಯಲ್ಲಿಯೇ ಒಣಬಟ್ಟೆ ಹಾಯಿಸಿ ಎಣ್ಣೆ ಸವರಬೇಕು. ಮರುದಿನ ಮತ್ತೊಮ್ಮೆ ಬಟ್ಟೆ ಹಾಯಿಸಿ ನೋಡಿದಾಗ ಕೆಂಪು ಬಣ್ಣ ಅಂಟಿದರೆ ತೊಳೆಯುವ ಕೆಲಸ ಪೂರ್ಣವಾಗಿಲ್ಲವೆಂದು ಅರ್ಥ.

ಕೇಪಿನ ಕೋವಿಗೆ ಮತ್ತೆ ಮದ್ದು ತುಂಬುವ ಮೊದಲು ಎಣ್ಣೆಯನ್ನು ಸಂಪೂರ್ಣವಾಗಿ ತೆಗೆದಿರಬೇಕು. ಎಣ್ಣೆ ತಗುಲಿದ ಮದ್ದು ಹೊತ್ತದಿರಬಹುದು, ಅಥವಾ ಕೇಪು ಸಿಡಿದ ಕೆಲವು ಕ್ಷಣಗಳ ಮೇಲೆ ತಡವಾಗಿ ಹೊತ್ತಬಹುದು. ಆದ್ದರಿಂದ ಕೇಪು ಸಿಡಿದೂ ಗುಂಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷ ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದಿರಬೇಕು. ರಾತ್ರಿ ಹಂದಿ ಬಂದೀತೆಂದು ಮದ್ದು ತುಂಬಿಯೇ ಕೋವಿಯನ್ನು ಗೋಡೆಗೆ ತೂಗುಹಾಕುವುದು ಮನೆಯವರಿಗೆ, ಅದರಲ್ಲೂ ಮಕ್ಕಳಿಗೆ, ಪ್ರಾಣಾಪಾಯದ ಅಭ್ಯಾಸ.

ಮರದ ಹಿಡಿ

ಹಿಡಿಯನ್ನು ಒಣಬಟ್ಟೆಯಿಂದ ಒರೆಸಿ, ವರ್ಷಕ್ಕೆ ಒಂದೆರಡು ಬಾರಿ ಅಗಸೆ ಎಣ್ಣೆಯನ್ನು ಬಹಳ ತೆಳುವಾಗಿ ಅಂಗೈಯಿಂದ ಉಜ್ಜಬೇಕು. ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ಒಣಗುವಾಗ ಹುಟ್ಟುವ ಶಾಖದಿಂದ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು.

ಆರೋಗ್ಯದ ಎಚ್ಚರಿಕೆ

ನಳಿಗೆಯ ಕಿಟ್ಟದಲ್ಲಿ ಸೀಸವಿರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಶುಚೀಕರಣವನ್ನು ಅಡುಗೆಮನೆ, ಊಟದ ಜಾಗಗಳಲ್ಲಿ ಮಾಡದೆ ಗಾಳಿಯಾಡುವ ಜಗಲಿಯಲ್ಲಿ ಮಾಡಬೇಕು. ಆ ವೇಳೆ ಎಲೆಅಡಿಕೆ, ಬೀಡಿ, ತಿಂಡಿಗಳನ್ನು ದೂರವಿಟ್ಟು, ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ದ್ರಾವಕ ಮತ್ತು ಸೀಮೆಎಣ್ಣೆಗಳ ಬಳಿ ಬೆಂಕಿ ಇರಬಾರದು.

ಪ್ರದೇಶಕ್ಕೆ ತಕ್ಕ ನಿರ್ವಹಣೆ

ದಾವಣಗೆರೆ ಜಿಲ್ಲೆಯು 1997ರಲ್ಲಿ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ.

ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ: ಭದ್ರಾ ನಾಲೆ, ಸೂಳೆಕೆರೆ ಮತ್ತು ತುಂಗಭದ್ರಾ ನದಿಗಳ ನೀರಿನಿಂದ ಭತ್ತದ ಗದ್ದೆ, ಅಡಿಕೆ ತೋಟಗಳು ಹರಡಿರುವ ಈ ಭಾಗದಲ್ಲಿ ಮಳೆಗಾಲದ ತೇವವೇ ಮುಖ್ಯ ಶತ್ರು. ಇಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಳಸದ ಕೋವಿಯನ್ನೂ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸುವುದು ಒಳ್ಳೆಯದು. ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಕಬ್ಬಿಣವನ್ನು ನೇರವಾಗಿ ತಿನ್ನುತ್ತದೆ. ಗೊಬ್ಬರವಾಗಿ ಬಳಸುವ ಪೊಟ್ಯಾಷ್, ಹಳೆಯ ಕೇಪುಗಳು ಉಳಿಸುವ ಪೊಟ್ಯಾಸಿಯಂ ಕ್ಲೋರೈಡ್ ಲವಣವೇ ಆಗಿದೆ. ಯೂರಿಯಾ ಸಹ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಗೊಬ್ಬರ ಮತ್ತು ಔಷಧಿ ಇಡುವ ಕೋಣೆಯಲ್ಲಿ ಕೋವಿಯನ್ನು ಇಡಬಾರದು.

ಜಗಳೂರು: ಮಳೆ ಕಡಿಮೆ ಇರುವ ಈ ತಾಲ್ಲೂಕಿನಲ್ಲಿ ತುಕ್ಕಿಗಿಂತ ಧೂಳಿನ ಕಾಟ ಹೆಚ್ಚು. ಎಣ್ಣೆಯೊಂದಿಗೆ ಬೆರೆತ ಧೂಳು ಅರೆಯುವ ಪುಡಿಯಂತೆ ವರ್ತಿಸಿ ಕೀಲುಗಳನ್ನು ಸವೆಸುತ್ತದೆ. ಇಲ್ಲಿ ಎಣ್ಣೆಯನ್ನು ಇನ್ನಷ್ಟು ಕಡಿಮೆ ಬಳಸಿ, ಕೀಲುಗಳನ್ನು ಹೆಚ್ಚು ಸಲ ಒರೆಸಬೇಕು. ಒಣಹವೆಯಲ್ಲಿ ಮರ ಕುಗ್ಗಿ ತಿರುಪುಗಳು ಸಡಿಲವಾಗುವುದರಿಂದ ಅವನ್ನೂ ಪರೀಕ್ಷಿಸಬೇಕು. ಗೆದ್ದಲಿನ ಕಾಟವಿರುವ ಮನೆಗಳಲ್ಲಿ ಮರದ ಪೆಟ್ಟಿಗೆಗಿಂತ ಕಬ್ಬಿಣದ ಬೀರು ಮೇಲು.

ಸಂಗ್ರಹ

ಕೋವಿಯನ್ನು ಖಾಲಿ ಸ್ಥಿತಿಯಲ್ಲಿ, ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ, ತೋಟೆಗಳನ್ನು ಬೇರೆಡೆ ಬೀಗದಲ್ಲಿ ಇಡಬೇಕು. ಚರ್ಮದ ಚೀಲ, ಗೋಣಿತಾಟು ಮತ್ತು ದಪ್ಪ ಬಟ್ಟೆಯ ಗವಸುಗಳು ತೇವವನ್ನು ಹಿಡಿದಿಡುತ್ತವೆ. ಅವು ಸಾಗಿಸಲು ಮಾತ್ರ ಸರಿ. ನಿಲ್ಲಿಸಿ ಇಡುವುದಾದರೆ ಬಾಯಿ ಕೆಳಗಾಗಿ, ಮಡಚಿದ ಬಟ್ಟೆಯ ಮೇಲೆ ಇಟ್ಟರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ನಳಿಗೆಯ ಬಾಯಿಗೆ ಚಿಂದಿ ತುರುಕುವ ಬದಲು ಬೀರುವಿನ ಬಾಗಿಲನ್ನೇ ಭದ್ರಪಡಿಸುವುದು ಕುಂಬಾರ ಹುಳುವಿಗೆ ಸರಿಯಾದ ಪರಿಹಾರ.

ಚುನಾವಣೆಯ ಠೇವಣಿ

ಚುನಾವಣೆಗಳು ಘೋಷಣೆಯಾದಾಗ ಪರವಾನಗಿಗಳನ್ನು ಪರಿಶೀಲಿಸಿ, ಆಯುಧಗಳನ್ನು ಪೊಲೀಸ್ ಠಾಣೆ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇಡುವಂತೆ ಆದೇಶಿಸುವ ಪದ್ಧತಿ ಇದೆ. ಲೋಕಸಭೆ, ವಿಧಾನಸಭೆ ಮತ್ತು ಸ್ಥಳೀಯ ಸಂಸ್ಥೆಗಳ ಚುನಾವಣೆಗಳು ಬೇರೆಬೇರೆ ಕಾಲಕ್ಕೆ ಬರುವುದರಿಂದ ಕೋವಿಯು ಹಲವು ಬಾರಿ ವಾರಗಟ್ಟಲೆ ಮಾಲೀಕನ ಕೈಯಿಂದ ದೂರ ಉಳಿಯುತ್ತದೆ. ಠೇವಣಿ ಇಡುವ ಮುನ್ನ ಕೋವಿಯನ್ನು ಪೂರ್ತಿಯಾಗಿ ಶುಚಿಮಾಡಿ, ನಳಿಗೆಯ ಒಳಗೂ ಹೊರಗೂ ಎಂದಿಗಿಂತ ಸ್ವಲ್ಪ ದಪ್ಪವಾಗಿ ಎಣ್ಣೆ ಸವರಿ, ರಸೀದಿಯಲ್ಲಿ ಕೋವಿಯ ಸಂಖ್ಯೆ ಸರಿಯಾಗಿರುವುದನ್ನು ನೋಡಿಕೊಳ್ಳಬೇಕು. ಹಿಂದಿರುಗಿ ಬಂದ ಕೋವಿಯನ್ನು ನೇರವಾಗಿ ಹೊಲಕ್ಕೆ ಒಯ್ಯದೆ, ಮೊದಲು ಬಿಚ್ಚಿ ನಳಿಗೆಯ ಮೂಲಕ ಬೆಳಕು ಕಾಣುವುದನ್ನು ಖಚಿತಪಡಿಸಿಕೊಳ್ಳಬೇಕು.

ದುರಸ್ತಿಗಾರರಿಗೆ ಒಪ್ಪಿಸಬೇಕಾದ ದೋಷಗಳು

ನಳಿಗೆಯ ಉಬ್ಬು, ಬಿರುಕು ಅಥವಾ ಆಳವಾದ ಗುಳಿಗಳು. ಮುಚ್ಚಿದ ಮೇಲೂ ನಳಿಗೆ ಹಿಡಿಯೊಡನೆ ಅಲುಗಾಡುವುದು. ಜೋಡಿ ನಳಿಗೆಯನ್ನು ತೂಗುಹಾಕಿ ಬೆರಳಿನಿಂದ ತಟ್ಟಿದಾಗ ಗಂಟೆಯಂತೆ ನಾದ ಬರದೆ ಒಡಕು ಶಬ್ದ ಬರುವುದು. ಟ್ರಿಗರ್ ಅತಿ ಸಡಿಲವಾಗಿರುವುದು. ಸುರಕ್ಷಾ ಗುಂಡಿ ಕೆಲಸ ಮಾಡದಿರುವುದು ಇಂತಹ ದೋಷಗಳು ಮನೆಯಲ್ಲಿ ಸರಿಪಡಿಸುವಂತಹವಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ, ಮೈಮೇಲೆ ಅಲೆಯಂತಹ ಗೆರೆಗಳು ಕಾಣುವ ಹಳೆಯ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಅವುಗಳಲ್ಲಿ ಈಗಿನ ನೈಟ್ರೋ ತೋಟೆಗಳನ್ನು ಹಾರಿಸಬಾರದು.

ಕಾನೂನು

ಭಾರತದಲ್ಲಿ ಕೋವಿಯ ಒಡೆತನ, ದುರಸ್ತಿ ಮತ್ತು ಸಾಗಣೆಗಳು ಆಯುಧ ಕಾಯ್ದೆ, 1959 ಮತ್ತು ಆಯುಧ ನಿಯಮಗಳು, 2016ಕ್ಕೆ ಒಳಪಟ್ಟಿವೆ. ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ 20 ಅಂಗುಲಕ್ಕಿಂತ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಗೆ ಮತ್ತು ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು ಕಾಯ್ದೆಯ 13ನೇ ಕಲಮು ಪ್ರತ್ಯೇಕವಾಗಿ ಹೇಳುತ್ತದೆ. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಹೊಂದಬಹುದಾದ ಆಯುಧಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು, ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿತು.

ನಿರ್ವಹಣೆಗೆ ಸಂಬಂಧಿಸಿದಂತೆ ಮೂರು ಅಂಶಗಳು ಮುಖ್ಯ. ದುರಸ್ತಿಯನ್ನು ವೃತ್ತಿಯಾಗಿ ಮಾಡುವವರಿಗೆ 5ನೇ ಕಲಮಿನ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಊರಿನ ಕುಲುಮೆಗೆ ಕೋವಿಯನ್ನು ಕೊಡುವಂತಿಲ್ಲ. ಪರವಾನಗಿದಾರನ ಬದಲು ಬೇರೊಬ್ಬರು ದುರಸ್ತಿಗಾಗಿ ಕೋವಿಯನ್ನು ಒಯ್ಯಬೇಕಾದರೆ ಅವನ ಸಮಕ್ಷಮದಲ್ಲಿ ಅಥವಾ ಅವನ ಲಿಖಿತ ಅಧಿಕಾರಪತ್ರದೊಂದಿಗೆ ಒಯ್ಯಬೇಕು. ಉಬ್ಬಿದ ಅಥವಾ ಸೀಳಿದ ನಳಿಗೆಯ ತುದಿಯನ್ನು ಅನುಮತಿಯಿಲ್ಲದೆ ಕತ್ತರಿಸಿ ಚಿಕ್ಕದಾಗಿಸುವುದು 6ನೇ ಕಲಮಿನ ಉಲ್ಲಂಘನೆ.

ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲುವುದಕ್ಕೂ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯವನ್ನು ಕೊಂಡುಕುರಿಯ ರಕ್ಷಣೆಗಾಗಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ನಾಲ್ಕು ಕೊಂಬಿನ ಈ ಪ್ರಾಣಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದ್ದು ಅತ್ಯುನ್ನತ ರಕ್ಷಣೆ ಪಡೆದಿದೆ.

ಸಂಸ್ಕೃತಿಯಲ್ಲಿ

ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ನಡೆಯುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಭತ್ತದ ನಾಟಿಯ ಕಾಲದಲ್ಲಿ ಬದಿಗಿಟ್ಟಿದ್ದ ಕೋವಿ, ಒಡಿಕತ್ತಿಗಳನ್ನು ನಾಟಿ ಮುಗಿದ ಮೇಲೆ ಹೊರತೆಗೆದು, ಶುಚಿಮಾಡಿ, ‘ತೋಕ್‌ಪೂ’ ಎಂದು ಕರೆಯುವ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಮಳೆಗಾಲದ ತೇವದ ನಂತರ ಕೋವಿಯನ್ನು ತೆರೆದು ನೋಡುವ ಕಾಲವನ್ನು ಈ ಹಬ್ಬ ನಿಗದಿ ಮಾಡಿದಂತಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು.

ಬಯಲುಸೀಮೆಯಲ್ಲಿ ನವರಾತ್ರಿಯ ಆಯುಧಪೂಜೆ ಇದೇ ಕೆಲಸ ಮಾಡುತ್ತದೆ. ನೇಗಿಲು, ಟ್ರ್ಯಾಕ್ಟರುಗಳ ಜೊತೆಗೆ ಕೋವಿಗೂ ಅರಿಸಿನ ಕುಂಕುಮ, ವಿಭೂತಿ, ಹೂವುಗಳು ಸಲ್ಲುತ್ತವೆ. ಒದ್ದೆಯಾದ ಕುಂಕುಮ, ಗಂಧ ಮತ್ತು ನಿಂಬೆಹಣ್ಣಿನ ರಸ ನಳಿಗೆಯ ಮೇಲೆ ಉಳಿದರೆ ಅಲ್ಲಿಯೇ ತುಕ್ಕಿನ ಕಲೆ ಮೂಡುತ್ತದೆ. ಪೂಜೆಯ ವೇಳೆಯಲ್ಲೂ ಕೋವಿ ಖಾಲಿ ಇರಬೇಕು. ಪೂಜೆ ಮುಗಿದ ಸಂಜೆಯೇ ಅದನ್ನು ಒರೆಸಿ ಎಣ್ಣೆಬಟ್ಟೆ ಆಡಿಸಿ ಬೀರುವಿಗೆ ಸೇರಿಸುವುದು ಉಚಿತ.